ಎಕ್ಸ್‌ಪ್ರೆಸ್‌ವೇ ಇಳಿದ ಮೇಲಿನ ಅರ್ಧ ಕಿಲೋಮೀಟರ್ ಯಾಕೆ ಅಪಾಯಕಾರಿ? ತಳೇಗಾಂವ ತಿರುವು ಕಲಿಸುವ 'ಟರ್ನ್ ಲೇನ್' ಪಾಠ

ಎಕ್ಸ್‌ಪ್ರೆಸ್‌ವೇ ಅಪಘಾತ ಎಂದ ಕೂಡಲೇ ನಮಗೆ ನೆನಪಾಗುವುದು ಅತಿವೇಗ, ಟೈರ್ ಸ್ಫೋಟ, ನಿದ್ದೆಗಣ್ಣಿನ ಚಾಲಕ. ಆದರೆ ಎಕ್ಸ್‌ಪ್ರೆಸ್‌ವೇಯಿಂದ ವಾಹನ ಹೊರಬಿದ್ದು ಊರಿನ ರಸ್ತೆ ಸೇರುವ ಆ ಸ್ವಲ್ಪ ದೂರದ ಬಗ್ಗೆ ಮಾತನಾಡುವವರು ಕಡಿಮೆ. ನೂರು ಕಿ.ಮೀ. ವೇಗದಲ್ಲಿ ಬಂದ ಕಾರು, ನಲವತ್ತು ಟನ್ ತೂಕದ ಟ್ರೇಲರ್, ಶಾಲೆಯಿಂದ ಮಗುವನ್ನು ಕರೆದುಕೊಂಡು ಬರುತ್ತಿರುವ ಸ್ಕೂಟರ್, ರಸ್ತೆ ದಾಟಲು ನಿಂತ ಕಾರ್ಮಿಕ. ಇವರೆಲ್ಲ ಮೊದಲ ಬಾರಿಗೆ ಮುಖಾಮುಖಿಯಾಗುವುದು ಅಲ್ಲೇ.

ಈ ಜಾಗವನ್ನು ಸುರಕ್ಷಿತಗೊಳಿಸಲು ಮೇಲ್ಸೇತುವೆ, ಕೋಟ್ಯಂತರ ರೂಪಾಯಿಯ ಯೋಜನೆಯೇ ಬೇಕೆಂದಿಲ್ಲ. ಎಡಕ್ಕೆ ಹೋಗುವವರಿಗೆ ಒಂದು ಲೇನ್, ಬಲಕ್ಕೆ ಹೋಗುವವರಿಗೆ ಇನ್ನೊಂದು ಲೇನ್, ಎರಡಕ್ಕೂ ಸಾಕಷ್ಟು ಉದ್ದ. ಇಷ್ಟನ್ನು ಸರಿಯಾಗಿ ಮಾಡಿದರೂ ದೊಡ್ಡ ಬದಲಾವಣೆ ಸಾಧ್ಯ ಎನ್ನುತ್ತದೆ ರಸ್ತೆ ಎಂಜಿನಿಯರಿಂಗ್. ಏನಿದು 'ಟರ್ನ್ ಲೇನ್'? ಅದು ಹೇಗೆ ಜೀವ ಉಳಿಸುತ್ತದೆ? ಪುಣೆ ಸಮೀಪದ ತಳೇಗಾಂವ ದಾಭಾಡೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ. ಬೆಂಗಳೂರು-ಮೈಸೂರು ಹೆದ್ದಾರಿ ಬಳಸುವವರಿಗೂ ಇದು ಅಷ್ಟೇ ಅನ್ವಯ.

ತಳೇಗಾಂವ ಎಲ್ಲಿದೆ? ಯಾಕೆ ಮುಖ್ಯ?

ತಳೇಗಾಂವ ದಾಭಾಡೆ ಇರುವುದು ಪುಣೆ ಜಿಲ್ಲೆಯ ಮಾವಳ ತಾಲ್ಲೂಕಿನಲ್ಲಿ. ಛತ್ರಪತಿ ಶಾಹು ಮಹಾರಾಜರ ಸೇನಾಪತಿಯಾಗಿದ್ದ ಖಂಡೇರಾವ್ ದಾಭಾಡೆ ಅವರ ಮನೆತನದಿಂದ ಊರಿಗೆ ಆ ಹೆಸರು. ಇಂದು ಈ ಊರು ಎರಡು ದೊಡ್ಡ ರಸ್ತೆಗಳ ಪಕ್ಕದಲ್ಲಿದೆ. ಒಂದು, ಹಳೆಯ ಮುಂಬೈ-ಪುಣೆ ಹೆದ್ದಾರಿ. ಇನ್ನೊಂದು, 2002ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ ಆರು ಪಥದ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ. ಸುಮಾರು 94.5 ಕಿ.ಮೀ. ಉದ್ದದ ಇದಕ್ಕೆ ಯಶವಂತರಾವ್ ಚವಾಣ್ ಅವರ ಹೆಸರಿಡಲಾಗಿದೆ. ಇದರ ನಿರ್ವಹಣೆ ಮಹಾರಾಷ್ಟ್ರ ರಾಜ್ಯ ರಸ್ತೆ ಅಭಿವೃದ್ಧಿ ನಿಗಮದ್ದು.

ಉರ್ಸೆ ಬಳಿಯ ತಳೇಗಾಂವ ಟೋಲ್ ಪ್ರದೇಶದಲ್ಲಿ ಎಕ್ಸ್‌ಪ್ರೆಸ್‌ವೇ ಬಿಡುವ ವಾಹನಗಳಲ್ಲಿ ಒಂದು ದೊಡ್ಡ ಪಾಲು ಕೈಗಾರಿಕಾ ಪ್ರದೇಶಗಳದ್ದು. ತಳೇಗಾಂವದಲ್ಲೇ ಕೈಗಾರಿಕಾ ವಸಾಹತು ಇದೆ. ಅಲ್ಲಿಂದ ಮುಂದೆ ಹೋದರೆ ಚಾಕಣ. ಬಜಾಜ್, ಮಹೀಂದ್ರಾ, ಫೋಕ್ಸ್‌ವ್ಯಾಗನ್, ಮರ್ಸಿಡಿಸ್-ಬೆಂಜ್ ಕಾರ್ಖಾನೆಗಳಿರುವ, ದೇಶದ ಪ್ರಮುಖ ವಾಹನ ತಯಾರಿಕಾ ಕೇಂದ್ರಗಳಲ್ಲಿ ಒಂದು. ತಳೇಗಾಂವ-ಚಾಕಣ-ಶಿಕ್ರಾಪುರ ರಸ್ತೆಗೆ ರಾಷ್ಟ್ರೀಯ ಹೆದ್ದಾರಿ 548ಡಿ ಎಂದು ಸಂಖ್ಯೆ ಕೊಡಲಾಗಿದೆ. ಬಿಡಿಭಾಗ ಹೊತ್ತ ಲಾರಿಗಳು, ಹೊಸ ಕಾರುಗಳನ್ನು ಸಾಗಿಸುವ ಉದ್ದನೆಯ ಟ್ರೇಲರ್‌ಗಳು, ಕಂಟೇನರ್‌ಗಳು ಈ ದಾರಿಯ ನಿತ್ಯದ ನೋಟ.

ಕನ್ನಡಿಗರಿಗೂ ಈ ದಾರಿ ಹೊಸದಲ್ಲ. ಬೆಂಗಳೂರು, ತುಮಕೂರು, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ ದಾಟಿ ಪುಣೆ ಸೇರುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮುಂಬೈಗೆ ಹೋಗುವ ಬಸ್ಸು, ಲಾರಿ, ಕಾರುಗಳು ಪುಣೆ ಹೊರವಲಯದಲ್ಲಿ ಎಕ್ಸ್‌ಪ್ರೆಸ್‌ವೇ ಹತ್ತಿ ತಳೇಗಾಂವದ ಪಕ್ಕದಲ್ಲೇ ಸಾಗುತ್ತವೆ.

ಒಂದೇ ನಿಮಿಷದಲ್ಲಿ ಬದಲಾಗುವ ಎರಡು ಲೋಕ

ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಸಿಗ್ನಲ್ ಇಲ್ಲ, ಎದುರಿನಿಂದ ವಾಹನ ಬರುವುದಿಲ್ಲ, ಪಾದಚಾರಿಗಳು ಇರಬಾರದು. ಘಾಟಿ ಬಿಟ್ಟು ಉಳಿದ ಭಾಗದಲ್ಲಿ ಕಾರುಗಳಿಗೆ ಗಂಟೆಗೆ 100 ಕಿ.ಮೀ. ವೇಗದ ಮಿತಿ ಇದೆ.

ತಳೇಗಾಂವದಲ್ಲಿ ಇಳಿದು ಹಳೆಯ ಹೆದ್ದಾರಿಯ ಕಡೆ ಬಂದರೆ ಇದೆಲ್ಲವೂ ತಲೆಕೆಳಗಾಗುತ್ತದೆ. ಅಲ್ಲಿ ಬೈಕ್ ಇದೆ, ಆಟೋ ಇದೆ, ಬಸ್ ನಿಲ್ದಾಣ ಇದೆ, ರಸ್ತೆ ಬದಿ ಅಂಗಡಿ ಇದೆ. ಸೋಮಾಟಣೆ ಫಾಟಾ, ವಡಗಾಂವ ಫಾಟಾದಂಥ ಕೂಡುರಸ್ತೆಗಳಿವೆ. ಮರಾಠಿಯ 'ಫಾಟಾ' ಎಂದರೆ ನಮ್ಮ ಕಡೆಯ 'ಕ್ರಾಸ್' ಇದ್ದಂತೆ. ಮುಖ್ಯ ರಸ್ತೆಯಿಂದ ಊರಿನ ರಸ್ತೆ ಕವಲೊಡೆಯುವ ಜಾಗ. ಹೆಸರಿನಲ್ಲೇ ತಿರುವು ಇದೆ.

ಇಲ್ಲಿ ಇನ್ನೊಂದು ಸಮಸ್ಯೆಯೂ ಸೇರಿಕೊಳ್ಳುತ್ತದೆ. ಬಹಳ ಹೊತ್ತು ಹೆಚ್ಚು ವೇಗದಲ್ಲಿ ಓಡಿಸಿದ ಚಾಲಕನಿಗೆ ತನ್ನ ವೇಗ ನಿಜಕ್ಕಿಂತ ಕಡಿಮೆ ಎನಿಸುತ್ತದೆ. ಸಂಶೋಧಕರು ಇದನ್ನು 'ವೇಗಕ್ಕೆ ಒಗ್ಗಿಕೊಳ್ಳುವಿಕೆ' ಎನ್ನುತ್ತಾರೆ. ಒಂದು ಗಂಟೆ 100ರಲ್ಲಿ ಬಂದವನಿಗೆ 60 ಎಂದರೆ ತೆವಳಿದಂತೆ ಅನಿಸುತ್ತದೆ. ಸ್ಪೀಡೋಮೀಟರ್ ನೋಡದೆ 'ಸಾಕಷ್ಟು ನಿಧಾನ ಮಾಡಿದ್ದೇನೆ' ಎಂದುಕೊಂಡು ಆತ ಕೂಡುರಸ್ತೆಗೆ ಬರುತ್ತಾನೆ. ಇದು ಚಾಲಕನ ದುರಹಂಕಾರವಲ್ಲ, ಮನುಷ್ಯನ ಇಂದ್ರಿಯಗಳ ಸ್ವಭಾವ. ಹಾಗಾಗಿ ರಸ್ತೆಯೇ ಅವನನ್ನು ನಿಧಾನಗೊಳಿಸಬೇಕು.

ಎಕ್ಸಿಟ್ ಎಂದರೆ ಒಂದು ಜಾಗವಲ್ಲ, ನಾಲ್ಕು ಜಾಗ

ನಮಗೆ 'ಎಕ್ಸಿಟ್' ಎಂದರೆ ಒಂದು ಬೋರ್ಡ್, ಒಂದು ತಿರುವು. ಎಂಜಿನಿಯರ್‌ಗಳಿಗೆ ಅದು ನಾಲ್ಕು ಭಾಗ.

1. ಕವಲು: ಮುಖ್ಯ ರಸ್ತೆಯಿಂದ ವಾಹನ ಎಡಕ್ಕೆ ಬೇರ್ಪಡುವ ಜಾಗ. ಭಾರತದಲ್ಲಿ ವಾಹನಗಳು ಎಡಬದಿಯಲ್ಲಿ ಸಾಗುವುದರಿಂದ ಎಕ್ಸಿಟ್ ಸಾಮಾನ್ಯವಾಗಿ ಎಡಕ್ಕಿರುತ್ತದೆ.

2. ವೇಗ ತಗ್ಗಿಸುವ ಲೇನ್: ಮುಖ್ಯ ಲೇನ್‌ಗಳಿಂದ ಹೊರಬಂದ ನಂತರ ಬ್ರೇಕ್ ಹಾಕಲು ಇರುವ ಹೆಚ್ಚುವರಿ ಲೇನ್. ಬ್ರೇಕ್ ಒತ್ತಬೇಕಾದದ್ದು ಇಲ್ಲಿ, ಮುಖ್ಯ ಲೇನ್‌ನಲ್ಲಲ್ಲ.

3. ರ‍್ಯಾಂಪ್: ಮೇಲಿನಿಂದ ಕೆಳಕ್ಕೆ ಅಥವಾ ಪಕ್ಕಕ್ಕೆ ಕರೆದೊಯ್ಯುವ ಸಂಪರ್ಕ ರಸ್ತೆ.

4. ರ‍್ಯಾಂಪ್‌ನ ತುದಿ: ಊರಿನ ರಸ್ತೆಗೆ ಸೇರುವ ಕೂಡುರಸ್ತೆ. ವಾಹನ ಎಡಕ್ಕೋ ಬಲಕ್ಕೋ ತಿರುಗಬೇಕಾದದ್ದು ಇಲ್ಲಿ. ಟರ್ನ್ ಲೇನ್‌ನ ಪ್ರಶ್ನೆ ಏಳುವುದೂ ಇಲ್ಲೇ.

ನಾಲ್ಕೂ ಒಂದಕ್ಕೊಂದು ಬೆಸೆದುಕೊಂಡಿವೆ. ನಾಲ್ಕನೆಯದು ಕಟ್ಟಿಕೊಂಡರೆ ಮೂರನೆಯದು ತುಂಬುತ್ತದೆ, ಮೂರನೆಯದು ತುಂಬಿದರೆ ಎರಡನೆಯದು ನಿಲ್ಲುತ್ತದೆ. ಕೊನೆಗೆ 100 ಕಿ.ಮೀ. ವೇಗದ ಮುಖ್ಯ ರಸ್ತೆಯಲ್ಲೇ ನಿಂತ ವಾಹನಗಳ ಸಾಲು ಬೆಳೆಯುತ್ತದೆ.

ಬ್ರೇಕ್ ಲೆಕ್ಕ: 100ರಿಂದ 40ಕ್ಕೆ ಇಳಿಯಲು ಎಷ್ಟು ದೂರ ಬೇಕು?

ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಅಪಾಯ ಕಂಡು ಚಾಲಕ ಪ್ರತಿಕ್ರಿಯಿಸಲು ರಸ್ತೆ ವಿನ್ಯಾಸದಲ್ಲಿ ಸಾಮಾನ್ಯವಾಗಿ 2.5 ಸೆಕೆಂಡ್ ಎಂದು ಹಿಡಿಯುತ್ತಾರೆ. ಅಂದರೆ ಕಾಲು ಬ್ರೇಕ್ ಮುಟ್ಟುವ ಮೊದಲೇ ಕಾರು ಸುಮಾರು 70 ಮೀಟರ್ ಮುಂದೆ ಹೋಗಿರುತ್ತದೆ.

ಆಮೇಲೆ ಗಾಬರಿಯಿಲ್ಲದೆ, ಹದವಾಗಿ ಬ್ರೇಕ್ ಒತ್ತಿ ಪ್ರತಿ ಸೆಕೆಂಡಿಗೆ 2 ಮೀಟರ್‌ನಷ್ಟು ವೇಗ ಇಳಿಸುತ್ತಾ ಬಂದರೆ, 100ರಿಂದ 40 ಕಿ.ಮೀ.ಗೆ ಬರಲು ಸುಮಾರು 160 ಮೀಟರ್ ಬೇಕು. ಭಾರ ಹೊತ್ತ ಲಾರಿ ಅಷ್ಟು ಬೇಗ ನಿಧಾನವಾಗುವುದಿಲ್ಲ. ಅದು ಸೆಕೆಂಡಿಗೆ 1 ಮೀಟರ್‌ನಷ್ಟು ಮಾತ್ರ ವೇಗ ಇಳಿಸುತ್ತದೆ ಎಂದುಕೊಂಡರೆ, 80ರಿಂದ 40ಕ್ಕೆ ಬರಲು ಸುಮಾರು 185 ಮೀಟರ್ ಬೇಕಾಗುತ್ತದೆ.

ಇದು ರಸ್ತೆ ಖಾಲಿ ಇದ್ದಾಗಿನ ಲೆಕ್ಕ. ಆ ಲೇನ್‌ನ ಅರ್ಧದಲ್ಲಿ ಈಗಾಗಲೇ ನಾಲ್ಕು ಟ್ರೇಲರ್ ನಿಂತಿದ್ದರೆ? ಕಾಗದದ ಮೇಲೆ 200 ಮೀಟರ್ ಇರುವ ಲೇನ್ ವಾಸ್ತವದಲ್ಲಿ 130 ಮೀಟರ್‌ಗೆ ಇಳಿದಿರುತ್ತದೆ. ಹಾಗಾಗಿ ಎಕ್ಸಿಟ್ ಲೇನ್ ಎಷ್ಟು ಉದ್ದವಿದೆ ಎಂಬ ಪ್ರಶ್ನೆಯ ಜೊತೆಗೆ, ಅದರ ತುದಿಯಲ್ಲಿ ಸಾಲು ಎಷ್ಟು ಉದ್ದ ನಿಲ್ಲುತ್ತದೆ ಎಂದೂ ಕೇಳಬೇಕು.

ಹಾಗಾದರೆ ಟರ್ನ್ ಲೇನ್ ಎಂದರೇನು?

ಕೂಡುರಸ್ತೆಯ ಬಳಿ ತಿರುಗುವ ವಾಹನಗಳಿಗೆಂದೇ ಮೀಸಲಾದ ಲೇನ್. ನೇರ ಹೋಗುವವರು, ಎಡಕ್ಕೆ ಹೋಗುವವರು, ಬಲಕ್ಕೆ ಹೋಗುವವರು ಒಂದೇ ಸಾಲಿನಲ್ಲಿ ನಿಂತರೆ ಒಬ್ಬನ ಕಾಯುವಿಕೆ ಎಲ್ಲರ ಕಾಯುವಿಕೆ ಆಗುತ್ತದೆ. ಬಲಕ್ಕೆ ತಿರುಗಲು ನಿಂತ ಲಾರಿಗೆ ಹಿಂದಿನಿಂದ ಬಂದವನು ಗುದ್ದುತ್ತಾನೆ, ಅಥವಾ ಅದನ್ನು ತಪ್ಪಿಸಲು ಥಟ್ಟನೆ ಪಕ್ಕಕ್ಕೆ ಎಳೆದು ಬೈಕ್ ಸವಾರನನ್ನು ಬೀಳಿಸುತ್ತಾನೆ.

ನಮ್ಮಲ್ಲಿ ಹೆಚ್ಚು ಅಪಾಯ ಬಲ ತಿರುವಿನದು. ಎಡಕ್ಕೆ ತಿರುಗುವವನು ಒಂದು ದಿಕ್ಕಿನ ವಾಹನಗಳ ಜೊತೆ ಸೇರಿಕೊಂಡರೆ ಸಾಕು. ಬಲಕ್ಕೆ ತಿರುಗುವವನು ಅಡ್ಡ ಬರುವ ವಾಹನಗಳನ್ನು ದಾಟಿ ಆಚೆ ಬದಿ ಸೇರಬೇಕು. ಅಮೆರಿಕದಲ್ಲಿ ವಾಹನಗಳು ಬಲಬದಿಯಲ್ಲಿ ಸಾಗುವುದರಿಂದ ಅಲ್ಲಿನ 'ಎಡ ತಿರುವು' ನಮ್ಮ 'ಬಲ ತಿರುವಿಗೆ' ಸಮ. ಅಲ್ಲಿನ ಫೆಡರಲ್ ಹೈವೇ ಆಡಳಿತದ ಪ್ರಕಾರ, ಕೂಡುರಸ್ತೆಯಲ್ಲಿ ಪ್ರತ್ಯೇಕ ಎಡ ತಿರುವು ಲೇನ್ ಕೊಟ್ಟಾಗ ಒಟ್ಟು ಅಪಘಾತಗಳು ಶೇ 28ರಿಂದ 48ರಷ್ಟು ಕಡಿಮೆಯಾಗಿವೆ. ಬಲ ತಿರುವು ಲೇನ್‌ನಿಂದ, ಅಂದರೆ ನಮ್ಮ ಎಡ ತಿರುವು ಲೇನ್‌ನಿಂದ, ಶೇ 14ರಿಂದ 26ರಷ್ಟು ಇಳಿಕೆ. ಲೇನ್ ಶಿಸ್ತು ಕಡಿಮೆ ಇರುವ ನಮ್ಮಲ್ಲಿ ಅದೇ ಅಂಕಿ ಬರುತ್ತದೆ ಎನ್ನಲಾಗದು. ಆದರೆ ಇಳಿಕೆಯ ಹಿಂದಿನ ಕಾರಣ ಎಲ್ಲಾ ಕಡೆಯೂ ಒಂದೇ: ನಿಂತ ವಾಹನ ಓಡುವ ವಾಹನದ ದಾರಿಯಲ್ಲಿ ಇರಬಾರದು.

ಟ್ರೇಲರ್ ಬಲಕ್ಕೆ ತಿರುಗಲು 11 ಸೆಕೆಂಡ್

ಸಿಗ್ನಲ್ ಇಲ್ಲದ ಕಡೆ ಮುಖ್ಯ ರಸ್ತೆಗೆ ತಿರುಗುವ ಚಾಲಕ ಏನು ಮಾಡುತ್ತಾನೆ? ಬರುವ ವಾಹನಗಳ ನಡುವೆ ಒಂದು ಅಂತರ ಸಿಗಲಿ ಎಂದು ಕಾಯುತ್ತಾನೆ. ಅಮೆರಿಕದ ರಸ್ತೆ ವಿನ್ಯಾಸ ಕೈಪಿಡಿಗಳು ಎರಡು ಪಥದ ರಸ್ತೆಯನ್ನು ದಾಟಿ ತಿರುಗಲು ಕಾರಿಗೆ 7.5 ಸೆಕೆಂಡ್, ಉದ್ದನೆಯ ಟ್ರೇಲರ್‌ಗೆ 11.5 ಸೆಕೆಂಡ್ ಅಂತರ ಬೇಕೆಂದು ಲೆಕ್ಕ ಹಾಕುತ್ತವೆ.

ಊರಿನ ರಸ್ತೆಯಲ್ಲಿ ವಾಹನಗಳು 60 ಕಿ.ಮೀ. ವೇಗದಲ್ಲಿ ಬರುತ್ತಿದ್ದರೆ 11.5 ಸೆಕೆಂಡ್ ಎಂದರೆ ಸುಮಾರು 190 ಮೀಟರ್ ಖಾಲಿ ರಸ್ತೆ. ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಕೈಗಾರಿಕಾ ಊರಿನ ಕೂಡುರಸ್ತೆಯಲ್ಲಿ ಅಷ್ಟು ಖಾಲಿ ಜಾಗ ಸಿಗುವುದುಂಟೇ? ಸಿಗುವುದಿಲ್ಲ. ಆಗ ಟ್ರೇಲರ್ ಚಾಲಕ ಮೆಲ್ಲಗೆ ಮೂತಿ ತೂರಿಸುತ್ತಾನೆ. ಬೈಕ್‌ಗಳು ಮುಂದಿನಿಂದ ನುಸುಳುತ್ತವೆ. ಕ್ಯಾಬಿನ್ ಎತ್ತರದಲ್ಲಿರುವುದರಿಂದ ಮೂತಿಯ ಕೆಳಗಿರುವ ಬೈಕ್ ಅವನಿಗೆ ಕಾಣುವುದೇ ಇಲ್ಲ. ಇತ್ತ ರ‍್ಯಾಂಪ್‌ನಲ್ಲಿ ಒಂದೇ ಲೇನ್ ಇದ್ದರೆ, ಎಡಕ್ಕೆ ಸಲೀಸಾಗಿ ಹೋಗಬಹುದಾಗಿದ್ದ ಹತ್ತು ಕಾರುಗಳೂ ಆ ಟ್ರೇಲರ್ ಹಿಂದೆ ಸಿಲುಕಿರುತ್ತವೆ.

ಇಂಥ ಕಡೆ ಎರಡು ಕೆಲಸ ಒಟ್ಟಿಗೆ ಆಗಬೇಕು. ಬಲ ತಿರುವಿಗೆ ಪ್ರತ್ಯೇಕ ಲೇನ್ ಮತ್ತು ಆ ಲೇನ್‌ಗೇ ಹಸಿರು ತೋರಿಸುವ ಸಿಗ್ನಲ್ ಹಂತ. ಲೇನ್ ಇದ್ದು ಸಿಗ್ನಲ್ ಇಲ್ಲದಿದ್ದರೆ ಅಂತರಕ್ಕಾಗಿ ಜೂಜು ಮುಂದುವರಿಯುತ್ತದೆ. ಸಿಗ್ನಲ್ ಇದ್ದು ಲೇನ್ ಇಲ್ಲದಿದ್ದರೆ ಹಸಿರು ಬಿದ್ದರೂ ಮುಂದಿನವನು ಬೇರೆ ಕಡೆ ಹೋಗಬೇಕಾದವನಾಗಿ ಅಡ್ಡ ನಿಂತಿರುತ್ತಾನೆ.

ಲೇನ್ ಎಷ್ಟು ಉದ್ದ ಇರಬೇಕು?

ಬಣ್ಣ ಬಳಿದು ಬಾಣ ಬರೆದರೆ ಟರ್ನ್ ಲೇನ್ ಆಗುವುದಿಲ್ಲ. ಅದಕ್ಕೆ ಮೂರು ತುಂಡು ಇರಬೇಕು: ಮುಖ್ಯ ಸಾಲಿನಿಂದ ಪಕ್ಕಕ್ಕೆ ಸರಿಯುವ ಓರೆ ಭಾಗ, ವೇಗ ತಗ್ಗಿಸುವ ಭಾಗ, ಕಾಯುತ್ತಾ ನಿಲ್ಲುವ ಭಾಗ. ಬಹುತೇಕ ಕಡೆ ಕಡಿಮೆ ಬೀಳುವುದು ಈ ಮೂರನೆಯದೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಗಂಟೆಗೆ 150 ವಾಹನಗಳು ಬಲಕ್ಕೆ ತಿರುಗುತ್ತವೆ, ಸಿಗ್ನಲ್ ಸುತ್ತು 2 ನಿಮಿಷದ್ದು ಎಂದುಕೊಳ್ಳಿ. ಗಂಟೆಗೆ 30 ಸುತ್ತು, ಪ್ರತಿ ಸುತ್ತಿಗೆ ಸರಾಸರಿ 5 ವಾಹನ. ಸರಾಸರಿಗೆ ಮಾತ್ರ ಜಾಗ ಕೊಟ್ಟರೆ ಸ್ವಲ್ಪ ಹೆಚ್ಚಾದಾಗೆಲ್ಲ ಸಾಲು ಹೊರಚೆಲ್ಲುತ್ತದೆ. ಹಾಗಾಗಿ ಒಂದೂವರೆಯಿಂದ ಎರಡು ಪಟ್ಟು ಹಿಡಿಯುವುದು ರೂಢಿ. ಅಂದರೆ 10 ವಾಹನ.

ಹತ್ತೂ ಕಾರುಗಳಾಗಿದ್ದರೆ, ತಲಾ 7 ಮೀಟರ್‌ನಂತೆ 70 ಮೀಟರ್ ಸಾಕು. ಅದರಲ್ಲಿ ಅರ್ಧ ಟ್ರೇಲರ್‌ಗಳಾಗಿದ್ದರೆ, ನಡುವಿನ ಅಂತರ ಸೇರಿಸಿ ತಲಾ 18 ಮೀಟರ್ ಹಿಡಿದರೂ ಒಟ್ಟು 125 ಮೀಟರ್ ಬೇಕು. ಅದೇ ಸಂಖ್ಯೆಯ ವಾಹನ, ಹೆಚ್ಚುಕಡಿಮೆ ಎರಡು ಪಟ್ಟು ಜಾಗ. ತಳೇಗಾಂವ, ಚಾಕಣದಂಥ ಕೈಗಾರಿಕಾ ಪ್ರದೇಶದ ರಸ್ತೆಗೆ ಮಾಮೂಲಿ ಊರಿನ ಅಳತೆ ಯಾಕೆ ಹೊಂದುವುದಿಲ್ಲ ಎನ್ನುವುದಕ್ಕೆ ಈ ಸಣ್ಣ ಲೆಕ್ಕವೇ ಉತ್ತರ. ವಾಹನಗಳನ್ನು ಎಣಿಸುವುದರ ಜೊತೆಗೆ ಅವುಗಳ ಉದ್ದವನ್ನೂ ಅಳೆಯಬೇಕು.

ಸಾಲು ಹಿಂದಕ್ಕೆ ಬೆಳೆಯುವುದು ಹೇಗಿರುತ್ತದೆ ಎಂದು ಬೆಂಗಳೂರಿಗರಿಗೆ ವಿವರಿಸಬೇಕಿಲ್ಲ. ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯಲ್ಲಿ ಸರಾಗವಾಗಿ ಬಂದು ಸಿಲ್ಕ್ ಬೋರ್ಡ್ ಕಡೆ ಇಳಿಯುವಾಗ ಎದುರಾಗುವ ದಟ್ಟಣೆ ಅದೇ. ಮೇಲಿನ ರಸ್ತೆ ಎಷ್ಟೇ ಚೆನ್ನಾಗಿದ್ದರೂ ಅದರ ವೇಗವನ್ನು ನಿರ್ಧರಿಸುವುದು ಕೆಳಗಿನ ಕೂಡುರಸ್ತೆ. ನಗರದಲ್ಲಿ ಇದರಿಂದ ಸಮಯ ಹಾಳು. ಎಕ್ಸ್‌ಪ್ರೆಸ್‌ವೇಯಲ್ಲಿ ಪ್ರಾಣಕ್ಕೇ ಸಂಚಕಾರ, ಏಕೆಂದರೆ ಸಾಲಿನ ಕೊನೆಯ ವಾಹನದ ಹಿಂದೆ ಬರುತ್ತಿರುವವನು ಪೂರ್ಣ ವೇಗದಲ್ಲಿರುತ್ತಾನೆ.

ಲೇನ್ ಕಡಿಮೆಯಾಗುವ ಜಾಗವೂ ಅಷ್ಟೇ ಅಪಾಯ

ಎಕ್ಸಿಟ್ ಆದ ಕೂಡಲೇ ಮೊದಲ ತಿರುವು ಬಂದರೆ ಇನ್ನೊಂದು ತೊಂದರೆ. ರ‍್ಯಾಂಪ್‌ನಿಂದ ಎಡಬದಿಗೆ ಬಂದು ಸೇರಿದವನು ಮುಂದಿನ ಫಾಟಾದಲ್ಲಿ ಬಲಕ್ಕೆ ಹೋಗಬೇಕು. ಅದೇ ರಸ್ತೆಯಲ್ಲಿ ಬಲಬದಿಯಲ್ಲಿ ಬರುತ್ತಿರುವ ಬಸ್ಸು ಎಡಕ್ಕಿರುವ ನಿಲ್ದಾಣಕ್ಕೆ ಬರಬೇಕು. ಇಬ್ಬರ ದಾರಿಯೂ ಕತ್ತರಿಯಂತೆ ಹಾಯುತ್ತದೆ. ಎರಡರ ನಡುವಿನ ದೂರ ಕಡಿಮೆಯಾದಷ್ಟೂ ಲೇನ್ ಬದಲಾವಣೆ ಒರಟಾಗುತ್ತದೆ. ರ‍್ಯಾಂಪ್ ತುದಿಯ ಪಕ್ಕದಲ್ಲೇ ಪೆಟ್ರೋಲ್ ಬಂಕ್, ಢಾಬಾ, ಡಿವೈಡರ್ ಒಡಕು ಇರಬಾರದು ಎನ್ನುವುದು ಇದಕ್ಕೇ.

ಹೆದ್ದಾರಿಯಲ್ಲಿ ಲೇನ್ ಸಂಖ್ಯೆ ದಿಢೀರ್ ಬದಲಾದರೆ ಏನಾಗಬಹುದು ಎಂಬ ಪ್ರಶ್ನೆ ದೇಶದ ಗಮನಕ್ಕೆ ಬಂದದ್ದು 2022ರ ಸೆಪ್ಟೆಂಬರ್ 4ರಂದು. ಟಾಟಾ ಸನ್ಸ್ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಮೃತಪಟ್ಟ ಅಪಘಾತ ನಡೆದದ್ದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಚಾರೋಟಿ ಬಳಿ, ಸೂರ್ಯಾ ನದಿ ಸೇತುವೆಯಲ್ಲಿ. ಮೂರು ಲೇನ್‌ನ ರಸ್ತೆ ಸೇತುವೆಯ ಬಳಿ ಎರಡು ಲೇನ್‌ಗೆ ಇಳಿಯುವ ಜಾಗ ಅದು. ಆ ಘಟನೆಯ ನಂತರ ಹಿಂಬದಿ ಸೀಟ್ ಬೆಲ್ಟ್ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ರಸ್ತೆಯ ವಿನ್ಯಾಸದ ಚರ್ಚೆ ಅದಕ್ಕಿಂತ ಬೇಗ ತಣ್ಣಗಾಯಿತು.

'ಫ್ರೀ ಲೆಫ್ಟ್' ಎಲ್ಲರಿಗೂ ಫ್ರೀ ಅಲ್ಲ

ಎಡಕ್ಕೆ ತಿರುಗುವವರಿಗೆ ದೊಡ್ಡದಾಗಿ ಬಾಗಿದ, ಎಲ್ಲೂ ನಿಲ್ಲಿಸಬೇಕಿಲ್ಲದ ಲೇನ್ ಕೊಟ್ಟರೆ ದಟ್ಟಣೆ ಕರಗುತ್ತದೆ. ಆದರೆ ಎಕ್ಸ್‌ಪ್ರೆಸ್‌ವೇ ವೇಗ ಹಾಗೇ ಊರಿನೊಳಕ್ಕೆ ಹರಿದು ಬರುತ್ತದೆ. ಬಾಗು ದೊಡ್ಡದಾದಷ್ಟೂ ವೇಗ ಹೆಚ್ಚು. ತಿರುಗುವ ಚಾಲಕನ ಕಣ್ಣು ಬಲಗಡೆಯಿಂದ ಬರುವ ವಾಹನಗಳ ಮೇಲೆ ಇರುತ್ತದೆ, ಎಡಗಡೆ ರಸ್ತೆ ದಾಟಲು ಕಾಲಿಟ್ಟ ವ್ಯಕ್ತಿಯ ಮೇಲಲ್ಲ.

ಜನ ಮತ್ತು ವಾಹನ ಬೆರೆಯುವ ಕಡೆ ವೇಗ 30 ಕಿ.ಮೀ. ಮೀರಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಆದ್ದರಿಂದ ಎಡ ತಿರುವು ಲೇನ್ ಬಿಗಿಯಾಗಿ ಬಾಗಿರಬೇಕು, ಅದರ ಮಧ್ಯೆ ಎತ್ತರಿಸಿದ ಪಾದಚಾರಿ ದಾಟು ಇರಬೇಕು, ಪಕ್ಕದಲ್ಲಿ ನಿಂತುಕೊಳ್ಳಲು ಸಣ್ಣ ದ್ವೀಪ ಇರಬೇಕು. ಟ್ರೇಲರ್ ತಿರುಗಲು ದೊಡ್ಡ ಬಾಗು ಬೇಕಲ್ಲವೇ ಎಂದು ಕೇಳಬಹುದು. ಅದಕ್ಕೂ ಉಪಾಯವಿದೆ. ಒಳಬದಿಯಲ್ಲಿ ಸ್ವಲ್ಪ ಎತ್ತರಿಸಿದ ಒರಟು ಪಟ್ಟಿ ಹಾಕುತ್ತಾರೆ. ಟ್ರೇಲರ್‌ನ ಹಿಂಚಕ್ರ ಅದರ ಮೇಲೆ ಹಾಯಬಹುದು, ಕಾರು ಹಾಯಿಸಿದರೆ ಕುಲುಕಾಡುತ್ತದೆ. ಹೀಗಾಗಿ ಕಾರಿಗೆ ಬಾಗು ಚಿಕ್ಕದು, ಟ್ರೇಲರ್‌ಗೆ ದೊಡ್ಡದು.

ತಪ್ಪು ದಿಕ್ಕಿನಲ್ಲಿ ಬರುವವರು ಯಾಕೆ ಬರುತ್ತಾರೆ?

ರ‍್ಯಾಂಪ್‌ಗಳ ಇನ್ನೊಂದು ದೊಡ್ಡ ಪಿಡುಗು ರಾಂಗ್ ಸೈಡ್ ಚಾಲನೆ. ವಾಹನಗಳು ಇಳಿದು ಬರುವ ರ‍್ಯಾಂಪ್‌ಗೆ ಕೆಳಗಿನಿಂದ ಹತ್ತುವವರು, ಎಕ್ಸಿಟ್ ತಪ್ಪಿತೆಂದು ಎಕ್ಸ್‌ಪ್ರೆಸ್‌ವೇಯಲ್ಲೇ ರಿವರ್ಸ್ ಬರುವವರು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 184ರ ಪ್ರಕಾರ ಎದುರು ದಿಕ್ಕಿನಲ್ಲಿ ಓಡಿಸುವುದು ಅಪಾಯಕಾರಿ ಚಾಲನೆ, ಜೈಲು ಶಿಕ್ಷೆಗೂ ಅವಕಾಶವಿದೆ.

ದಂಡ ಹಾಕಲೇಬೇಕು. ಆದರೆ ಸರಿಯಾದ ದಾರಿ ಮೂರು ಕಿ.ಮೀ. ಸುತ್ತು ಹಾಕಿಸುತ್ತದೆ, ತಪ್ಪು ದಾರಿ ನೂರು ಮೀಟರ್ ಎಂದಾದರೆ, ತಪ್ಪು ದಾರಿ ಹಿಡಿಯುವವರು ಹುಟ್ಟಿಕೊಳ್ಳುತ್ತಲೇ ಇರುತ್ತಾರೆ. ಟರ್ನ್ ಲೇನ್ ವಿನ್ಯಾಸ ಇಲ್ಲೂ ನೆರವಿಗೆ ಬರುತ್ತದೆ. ಪ್ರವೇಶ ಮತ್ತು ನಿರ್ಗಮನ ರ‍್ಯಾಂಪ್‌ಗಳ ನಡುವೆ ಎತ್ತರದ ಡಿವೈಡರ್, ರ‍್ಯಾಂಪ್ ತುದಿಯನ್ನು ತಪ್ಪು ದಿಕ್ಕಿನಿಂದ ತಿರುಗಲು ಆಗದಂತೆ ಓರೆಯಾಗಿ ಕಟ್ಟುವುದು, 'ಪ್ರವೇಶವಿಲ್ಲ' ಫಲಕ, ನೆಲದ ಮೇಲೆ ಬಾಣ. ಜೊತೆಗೆ, ತಪ್ಪಿದವರಿಗೆ ಹತ್ತಿರದಲ್ಲೇ ಸುರಕ್ಷಿತ ಯೂ-ಟರ್ನ್.

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲೂ ಇದೇ ಕಥೆ

ತಳೇಗಾಂವದ ಪಾಠ ಕರ್ನಾಟಕಕ್ಕೆ ನೇರವಾಗಿ ಅನ್ವಯಿಸುವುದು ಇಲ್ಲಿ. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಮಂಡ್ಯದಲ್ಲಿ ಉದ್ಘಾಟಿಸಿದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮಧ್ಯೆ ಆರು ಪಥ, ಅಕ್ಕಪಕ್ಕ ಸರ್ವಿಸ್ ರಸ್ತೆ. ಮೊದಲ ತಿಂಗಳುಗಳಲ್ಲೇ ಸರಣಿ ಸಾವುಗಳು ಸುದ್ದಿಯಾದವು. 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಲಾಯಿತು. ವೇಗ ಪತ್ತೆ ಕ್ಯಾಮೆರಾಗಳು ಬಂದವು.

ನಿಷೇಧದಿಂದ ಮುಖ್ಯ ಪಥದಲ್ಲಿ ವೇಗದ ಅಂತರ ಕಡಿಮೆಯಾಯಿತು, ಅದು ಒಳ್ಳೆಯದೇ. ಆದರೆ ಆ ಬೈಕ್, ಆಟೋಗಳು ಎಲ್ಲಿಗೆ ಹೋದವು? ಸರ್ವಿಸ್ ರಸ್ತೆಗೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಕಡೆ ಇಳಿಯುವ ಕಾರುಗಳು ಬಂದು ಸೇರುವುದೂ ಅಂಥ ರಸ್ತೆಗಳಿಗೇ. ಹಳ್ಳಿಯ ಬಸ್ ನಿಲ್ದಾಣ, ಎಳನೀರು ಗಾಡಿ, ಎದುರು ದಿಕ್ಕಿನಲ್ಲಿ ಬರುವ ಮೊಪೆಡ್ ಎಲ್ಲವೂ ಅಲ್ಲಿವೆ. ಮದ್ದೂರಿನಲ್ಲಿ ವಡೆ ತಿನ್ನಲು ಇಳಿಯುವ ಕಾರಿನ ಚಾಲಕ, ಕೆಲವೇ ಸೆಕೆಂಡಿನ ಹಿಂದೆ ಬೈಕ್‌ಗಳೇ ಇಲ್ಲದ ರಸ್ತೆಯಲ್ಲಿದ್ದ. ಮುಖ್ಯ ಪಥದಿಂದ ಹೊರಹಾಕಿದ ಅಪಾಯ ಎಕ್ಸಿಟ್ ಬಳಿ ಕಾಯುತ್ತಾ ಕುಳಿತಿರಬಾರದು ಎಂದರೆ ಆ ಜಾಗಗಳ ವಿನ್ಯಾಸಕ್ಕೆ ಅಷ್ಟೇ ಗಮನ ಬೇಕು.

ಹೊಸಕೋಟೆಯಿಂದ ಆರಂಭವಾಗುವ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕ ಭಾಗದಲ್ಲೂ ಸಂಚಾರ ಶುರುವಾಗಿದೆ. ಕೋಲಾರ ಜಿಲ್ಲೆಯ ಹಳ್ಳಿ ರಸ್ತೆಗಳಿಗೆ ಇಳಿಯುವ ಪ್ರತಿಯೊಂದು ರ‍್ಯಾಂಪ್‌ಗೂ ಇದೇ ಪ್ರಶ್ನೆ ಕೇಳಬೇಕಿದೆ.

ಜವಾಬ್ದಾರಿ ಯಾರದು?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅದರಲ್ಲಿ 61,038 ಸಾವು ಸಂಭವಿಸಿದ್ದು ರಾಷ್ಟ್ರೀಯ ಹೆದ್ದಾರಿ ಮತ್ತು ಎಕ್ಸ್‌ಪ್ರೆಸ್‌ವೇಗಳಲ್ಲಿ. ಒಟ್ಟು ರಸ್ತೆ ಉದ್ದದಲ್ಲಿ ಸಣ್ಣ ಪಾಲಷ್ಟೇ ಇರುವ ಈ ರಸ್ತೆಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಸಾವು.

ಎಕ್ಸಿಟ್ ಬಳಿಯ ದೊಡ್ಡ ಸಮಸ್ಯೆ ಎಂದರೆ ಹಲವು ಒಡೆಯರು. ಎಕ್ಸ್‌ಪ್ರೆಸ್‌ವೇ ಒಂದು ಸಂಸ್ಥೆಯದು, ಅದು ಸೇರುವ ಹೆದ್ದಾರಿ ಇನ್ನೊಂದರದು, ಊರಿನ ರಸ್ತೆ ನಗರಸಭೆಯದು, ಸಿಗ್ನಲ್ ಪೊಲೀಸರದು. ರ‍್ಯಾಂಪ್ ತುದಿಯಲ್ಲಿ ಒಂದು ಲೇನ್ ಸೇರಿಸಬೇಕಾದರೂ ನಾಲ್ಕು ಕಡೆ ಕಡತ ಓಡಾಡಬೇಕು. ಸುರಕ್ಷತಾ ಪರಿಶೋಧನೆಯೂ ಒಂದು ಸಂಸ್ಥೆಯ ಗಡಿ ಮುಗಿದಲ್ಲಿ ನಿಂತುಬಿಟ್ಟರೆ ಅಪಾಯ ಇರುವ ಜಾಗವೇ ಕೈತಪ್ಪುತ್ತದೆ.

ಕಾನೂನು ಇಲ್ಲ ಎಂದಲ್ಲ. 2019ರ ತಿದ್ದುಪಡಿಯಲ್ಲಿ ಸೇರಿಸಿದ ಸೆಕ್ಷನ್ 198ಎ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ 1 ಲಕ್ಷ ರೂ. ವರೆಗೆ ದಂಡ ವಿಧಿಸಬಹುದು. ಮೊತ್ತ ಸಣ್ಣದಿರಬಹುದು. ಆದರೆ ಅಪಘಾತಕ್ಕೆ ಚಾಲಕ ಮಾತ್ರವಲ್ಲ, ರಸ್ತೆಯೂ ಕಾರಣವಾಗಬಹುದು ಎಂದು ಕಾನೂನೇ ಒಪ್ಪಿಕೊಂಡಿದೆ.

ರಸ್ತೆ ಸರಿಪಡಿಸಿದರೆ ಫಲ ಸಿಗುತ್ತದೆ ಎನ್ನುವುದಕ್ಕೆ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯೇ ಸಾಕ್ಷಿ. 2016ರಲ್ಲಿ ಅಲ್ಲಿ 151 ಜನ ಸತ್ತಿದ್ದರು. ಅದೇ ವರ್ಷ ಸೇವ್‌ಲೈಫ್ ಫೌಂಡೇಶನ್, ರಸ್ತೆ ಅಭಿವೃದ್ಧಿ ನಿಗಮ ಮತ್ತು ಹೆದ್ದಾರಿ ಪೊಲೀಸರು ಸೇರಿ 'ಶೂನ್ಯ ಸಾವು ಕಾರಿಡಾರ್' ಕಾರ್ಯಕ್ರಮ ಆರಂಭಿಸಿದರು. ತಡೆಬೇಲಿ, ಗುರುತುಗಳು, ರಸ್ತೆ ಬದಿಯ ಗಟ್ಟಿ ಅಡೆತಡೆಗಳ ನಿವಾರಣೆ, ಪೊಲೀಸ್ ನಿಗಾ ಹೀಗೆ ಒಂದೊಂದನ್ನೇ ಸರಿಪಡಿಸುತ್ತಾ ಹೋದಂತೆ ನಂತರದ ವರ್ಷಗಳಲ್ಲಿ ಸಾವಿನ ಸಂಖ್ಯೆ ಗಣನೀಯವಾಗಿ ಇಳಿಯಿತು. ಅದೇ ಶ್ರದ್ಧೆ ಎಕ್ಸಿಟ್ ದಾಟಿ ಊರಿನ ಕೂಡುರಸ್ತೆಯವರೆಗೆ ಮುಂದುವರಿಯಬೇಕಿದೆ.

ಕಡಿಮೆ ಖರ್ಚಿನಲ್ಲಿ ಏನೇನು ಮಾಡಬಹುದು?

* ರ‍್ಯಾಂಪ್‌ನ ಕೊನೆಯ ನೂರಿನ್ನೂರು ಮೀಟರ್ ಅಗಲಿಸಿ ಎಡ ಮತ್ತು ಬಲ ತಿರುವಿಗೆ ಬೇರೆ ಬೇರೆ ಲೇನ್ ಕೊಡುವುದು.
* ಲೇನ್ ಉದ್ದವನ್ನು ಟ್ರೇಲರ್ ಲೆಕ್ಕದಲ್ಲಿ, ಶಿಫ್ಟ್ ಬದಲಾಗುವ ಹೊತ್ತಿನ ದಟ್ಟಣೆ ನೋಡಿ ನಿಗದಿ ಮಾಡುವುದು.
* ಯಾವ ಲೇನ್ ಎಲ್ಲಿಗೆ ಎಂದು ರ‍್ಯಾಂಪ್ ಆರಂಭದಲ್ಲೇ ತಲೆಯ ಮೇಲಿನ ಫಲಕ ಮತ್ತು ನೆಲದ ಬಾಣಗಳಿಂದ ತಿಳಿಸುವುದು. ಕೂಡುರಸ್ತೆಗೆ ಬಂದ ಮೇಲೆ ತಿಳಿಸಿದರೆ ತಡವಾಗಿರುತ್ತದೆ.
* ಸಾಲು ರ‍್ಯಾಂಪ್‌ನ ಅರ್ಧ ದಾಟಿದರೆ ಕೆಳಗಿನ ಸಿಗ್ನಲ್ ತಾನಾಗಿ ಹೆಚ್ಚು ಹೊತ್ತು ಹಸಿರು ಕೊಡುವಂತೆ ಸೆನ್ಸರ್ ಅಳವಡಿಸುವುದು.
* ಎದುರುಬದುರಿನ ಬಲ ತಿರುವು ಲೇನ್‌ಗಳನ್ನು ಒಂದಕ್ಕೊಂದು ಮರೆಯಾಗದಂತೆ ಸ್ವಲ್ಪ ಸರಿಸಿ ಹಾಕುವುದು. ಎದುರಿನ ಲಾರಿಯ ಹಿಂದಿನಿಂದ ಬರುವ ಬೈಕ್ ಆಗ ಕಾಣುತ್ತದೆ.
* ರ‍್ಯಾಂಪ್ ತುದಿಯ ಹತ್ತಿರದ ಡಿವೈಡರ್ ಒಡಕು ಮುಚ್ಚಿ, ಮುಂದೆ ಸುರಕ್ಷಿತ ಯೂ-ಟರ್ನ್ ಕೊಡುವುದು.
* ಪಾದಚಾರಿ ದಾಟು, ಬೆಳಕು, ಬಸ್ ನಿಲ್ದಾಣವನ್ನು ತಿರುವಿನಿಂದ ದೂರಕ್ಕೆ ಸ್ಥಳಾಂತರಿಸುವುದು.

ಚಾಲಕರೇ, ನೀವು ಮಾಡಬೇಕಾದದ್ದು

ಎಕ್ಸಿಟ್‌ಗೆ ಎರಡು ಕಿ.ಮೀ. ಇರುವಾಗಲೇ ಎಡ ಲೇನ್‌ಗೆ ಬನ್ನಿ. ಮುಖ್ಯ ಪಥದಲ್ಲಿ ಬ್ರೇಕ್ ಹಾಕಬೇಡಿ, ಎಕ್ಸಿಟ್ ಲೇನ್ ಪ್ರವೇಶಿಸಿದ ಮೇಲೆ ಹಾಕಿ. ಮುಂದೆ ಸಾಲು ನಿಂತಿದ್ದರೆ ತಕ್ಷಣ ಹಜಾರ್ಡ್ ಲೈಟ್ ಹಾಕಿ ಹಿಂದಿನವರಿಗೆ ಸೂಚನೆ ಕೊಡಿ. ರ‍್ಯಾಂಪ್ ಇಳಿಯುವಾಗ ನಿಮ್ಮ ಅಂದಾಜನ್ನು ನಂಬದೆ ಸ್ಪೀಡೋಮೀಟರ್ ನೋಡಿ. ಎಕ್ಸಿಟ್ ತಪ್ಪಿತೇ? ಮುಂದಿನ ಎಕ್ಸಿಟ್‌ವರೆಗೆ ಹೋಗಿ. ನಷ್ಟವಾಗುವುದು ಹತ್ತು ಹದಿನೈದು ನಿಮಿಷ ಮತ್ತು ಸ್ವಲ್ಪ ಇಂಧನ. ಬೈಕ್ ಸವಾರರು ತಿರುಗುತ್ತಿರುವ ಟ್ರೇಲರ್‌ನ ಎಡ ಸಂದಿನಲ್ಲಿ ನುಗ್ಗಬೇಡಿ, ಅದರ ಹಿಂಚಕ್ರ ಮುಂಚಕ್ರ ಹೋದ ದಾರಿಯಲ್ಲಿ ಹೋಗುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ.

ನಿಮ್ಮ ಊರಿನ ಎಕ್ಸಿಟ್ ಬಳಿ ತಿರುವು ಲೇನ್ ಇಲ್ಲದಿದ್ದರೆ, ಅಥವಾ ಇದ್ದೂ ಸಾಲು ಹೆದ್ದಾರಿಗೆ ಚೆಲ್ಲುತ್ತಿದ್ದರೆ, ಸಮಯ ಮತ್ತು ಜಾಗ ನಮೂದಿಸಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಲಿಖಿತ ದೂರು ಕೊಡಬಹುದು. ರಾಷ್ಟ್ರೀಯ ಹೆದ್ದಾರಿಗಳಲ್ಲಾದರೆ 1033 ಸಹಾಯವಾಣಿ ಇದೆ. ಎಕ್ಸ್‌ಪ್ರೆಸ್‌ವೇ ಎಷ್ಟು ನಿಮಿಷ ಉಳಿಸಿತು ಎಂದು ಲೆಕ್ಕ ಹಾಕುವಾಗ, ಅದು ಎಲ್ಲಿ ಮತ್ತು ಹೇಗೆ ಮುಗಿಯುತ್ತದೆ ಎನ್ನುವುದನ್ನೂ ಸೇರಿಸಿಕೊಳ್ಳೋಣ.